ದಿನಬಳಕೆಯ ಮಾತಿನಲ್ಲಿ ಹೇತ್ವಾಭಾಸ

ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಅನ್ನಂಭಟ್ಟನ ತರ್ಕಸಂಗ್ರಹದ ನೆನಪು ಇದ್ದೇ ಇರುತ್ತದೆ. ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದುದರಿಂದ ಅಲ್ಲಿ ಬೆಂಕಿಯಿದೆ; ಅಡುಗೆಮನೆಯಲ್ಲಿ ಹೊಗೆಯೊಡನೆ ಬೆಂಕಿಯನ್ನು ಕಂಡಿದ್ದೇವೆ, ಮಡುವಿನಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ ಎಂದು ಕಂಠಪಾಠ ಮಾಡಿದ ದಿನಗಳನ್ನು ಹಳೆಯ ವಿದ್ಯಾರ್ಥಿಗಳು ಭೇಟಿಗೆ ಬಂದಾಗಲೆಲ್ಲ ನಗುತ್ತ ಸ್ಮರಿಸುತ್ತಾರೆ. ಆ ಬೆಟ್ಟವೂ ಆ ಹೊಗೆಯೂ ಪರೀಕ್ಷೆಯೊಡನೆ ಮುಗಿದುಹೋದವೆಂದೇ ಹಲವರ ಭಾವನೆ. ಆದರೆ 'ಆದುದರಿಂದ' ಎಂಬ ಮಾತನ್ನು ಆಡದೆ ಸಂತೆಯಿಂದ ಒಂದು ಜೊತೆ ಎತ್ತು ತರುವುದಕ್ಕೂ ಆಗುವುದಿಲ್ಲ, ಒಂದು ಸಂಬಂಧ ಕುದುರಿಸುವುದಕ್ಕೂ ಆಗುವುದಿಲ್ಲ. ಆ ಮಾತಿನ ಹಿಂದೆ ನಿಂತಿರುವುದು ನಿಜವಾದ ಹೇತುವೋ ಅಥವಾ ಹೇತುವಿನಂತೆ ತೋರುವ ಬೇರೊಂದೋ ಎಂಬುದನ್ನು ವಿವೇಚಿಸುವುದಕ್ಕೆಂದೇ ಹಿಂದಿನವರು ಹೇತ್ವಾಭಾಸಪ್ರಕರಣವನ್ನು ರಚಿಸಿದರು.

ನ್ಯಾಯಸೂತ್ರಕಾರನಾದ ಗೌತಮನು ಗ್ರಂಥಾರಂಭದಲ್ಲಿಯೇ ನಿಃಶ್ರೇಯಸಕ್ಕೆ ಅರಿಯಬೇಕಾದ ಹದಿನಾರು ಪದಾರ್ಥಗಳನ್ನು ಎಣಿಸುತ್ತಾನೆ. ಪ್ರಮಾಣ ಪ್ರಮೇಯಗಳ ಜೊತೆಯಲ್ಲಿಯೇ ಜಲ್ಪ, ವಿತಂಡೆ, ಹೇತ್ವಾಭಾಸ, ಛಲ, ಜಾತಿ, ನಿಗ್ರಹಸ್ಥಾನಗಳೂ ಅಲ್ಲಿ ಸೇರಿವೆ. (ಇಲ್ಲಿ ಜಾತಿಯೆಂದರೆ ಕುಲವಲ್ಲ, ಹುರುಳಿಲ್ಲದ ಪ್ರತ್ಯುತ್ತರ. ಎರಡಕ್ಕೂ ಒಂದೇ ಹೆಸರು ಬಂದುದು ಆಕಸ್ಮಿಕವಿರಬಹುದು.) ಮುಕ್ತಿಯನ್ನು ಗುರಿಯಾಗಿಸಿಕೊಂಡ ಶಾಸ್ತ್ರವು ಕೆಟ್ಟ ಮಾತಿನ ಬಗೆಗಳನ್ನು ಇಷ್ಟು ವಿಸ್ತಾರವಾಗಿ ಏಕೆ ವಿಚಾರಿಸಿತೆಂದು ವಿದ್ಯಾರ್ಥಿದೆಸೆಯಲ್ಲಿ ನಮಗೆ ಸೋಜಿಗವಾಗುತ್ತಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಭಕ್ತರ ಮನೆಯ ಜಗಲಿಯ ಮೇಲೆ ಕುಳಿತು ಅವರ ಸುಖದುಃಖಗಳನ್ನು ಕೇಳತೊಡಗಿದ ಮೇಲೆ ಆ ಸೋಜಿಗ ಉಳಿಯಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುವುದು ಸವ್ಯಭಿಚಾರ. ಹೇತುವಿದ್ದೂ ಸಾಧ್ಯವಿಲ್ಲದ ಒಂದೇ ಒಂದು ಎಡೆ ಸಿಕ್ಕರೆ ಸಾಕು, ಆ ಹೇತು ಕೆಟ್ಟಿತು. ನಮ್ಮ ಸೀಮೆಯಲ್ಲಿ ಇದರ ಜನಪ್ರಿಯ ರೂಪಕ್ಕೆ ಕಾಲ್ಗುಣವೆಂದು ಹೆಸರು. ಮಳೆ ಬಂದರೆ ಗದ್ದುಗೆಯಲ್ಲಿ ಕುಳಿತವರ ಕಾಲ್ಗುಣ. ಬಾರದಿದ್ದರೂ ಅವರದೇ ಕಾಲ್ಗುಣ. ಕನ್ನಂಬಾಡಿ ಕಟ್ಟೆಯ ನೀರನ್ನು ನಂಬಿ ಬಾಳುವ ನಾಡಿನಲ್ಲಿ ಈ ಮಾತಿಗೆ ಬೆಲೆ ಜಾಸ್ತಿ. 2023ರಲ್ಲಿ ಮುಂಗಾರು ಕೈಕೊಟ್ಟು ಕಟ್ಟೆ ತುಂಬಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದವರ ಕಾಲ್ಗುಣವೆಂದು ಅರಳಿಕಟ್ಟೆಗಳಲ್ಲಿ ತೀರ್ಪಾಯಿತು. 2024ರ ಜುಲೈಯಲ್ಲಿ ಕಟ್ಟೆ ತುಂಬಿತು. 2025ರಲ್ಲಂತೂ ಜೂನ್ ತಿಂಗಳು ಮುಗಿಯುವುದರೊಳಗೇ ನೀರು 124.80 ಅಡಿಯ ಪೂರ್ಣಮಟ್ಟವನ್ನು ಮುಟ್ಟಿತು. ಜೂನ್ ತಿಂಗಳಲ್ಲಿ ತುಂಬಿದುದು ಕಟ್ಟೆಯ ಇತಿಹಾಸದಲ್ಲಿ ಅದೇ ಮೊದಲು. ಮೂರು ವರ್ಷವೂ ಮುಖ್ಯಮಂತ್ರಿಗಳು ಅವರೇ. ಕಾಲು ಒಂದೇ ಆಗಿದ್ದು ಗುಣ ಮಾತ್ರ ಬದಲಾಯಿಸಿತೆಂದರೆ, ಗುಣ ಕಾಲಿನದಾಗಿರಲಿಲ್ಲ.

ಇದು ನಕ್ಕು ಬಿಡಬಹುದಾದ ಮಾತು. ಅದೇ ಹೇತು ಮನೆಯ ಹೊಸಿಲು ದಾಟಿ ಒಳಗೆ ಬಂದಾಗ ನಗುವಂತಿಲ್ಲ. ಹೊಸ ಸೊಸೆ ಮನೆ ತುಂಬಿದ ಆರು ತಿಂಗಳಿಗೆ ಮಾವನಿಗೆ ಹೃದಯಾಘಾತವಾಯಿತು, ಕೊಟ್ಟಿಗೆಯಲ್ಲಿ ಒಂದು ಎತ್ತು ಸತ್ತಿತು, ಕೊಳವೆಬಾವಿ ಬತ್ತಿತು. ಅವಳು ಬಂದ ಮೇಲೆ ಆಯಿತು, ಆದುದರಿಂದ ಅವಳಿಂದ ಆಯಿತು. ಇಂಥ ಮನೆಯ ಹಿರಿಯರೊಬ್ಬರು, ಸೊಸೆಯನ್ನು ತವರಿಗೆ ಕಳುಹಿಸಿಬಿಡುವುದಕ್ಕೆ ಅಪ್ಪಣೆಯಾಗಬೇಕೆಂದು ಬಂದಿದ್ದರು. ಆ ವರ್ಷ ನಿಮ್ಮೂರಿನಲ್ಲಿ ಎಷ್ಟು ಕೊಳವೆಬಾವಿ ಬತ್ತಿದವೆಂದು ಕೇಳಿದೆವು. "ಹತ್ತು ಹನ್ನೆರಡು ಇರಬಹುದು, ಬುದ್ಧಿ" ಎಂದರು. ಅಷ್ಟು ಮನೆಗೂ ಹೊಸ ಸೊಸೆಯಂದಿರು ಬಂದಿದ್ದರೇ ಎಂದು ಕೇಳಿದೆವು. "ಇಲ್ಲ ಬುದ್ಧಿ. ಆದರೂ..." ಎಂದು ಸುಮ್ಮನಾದರು. ಆ 'ಆದರೂ' ಎಂಬಲ್ಲಿ ಮಾತನಾಡುತ್ತಿದ್ದುದು ತರ್ಕವಲ್ಲ, ಅಣ್ಣನನ್ನು ಕಳೆದುಕೊಂಡ ದುಃಖ. ದುಃಖಕ್ಕೆ ಕಾರಣ ಬೇಕು. ಕಾರಣ ಸಿಕ್ಕದಿದ್ದರೆ ಮನೆಯಲ್ಲಿ ಎದುರುತ್ತರ ಕೊಡಲಾರದವರು ಯಾರೋ ಅವರೇ ಕಾರಣವಾಗುತ್ತಾರೆ. ಅದೇ ಅವಧಿಯಲ್ಲಿ ಕಬ್ಬು ಚೆನ್ನಾಗಿ ಬಂದಿತ್ತು, ಕಿರಿಯ ಮಗನಿಗೆ ಕೆಲಸ ಸಿಕ್ಕಿತ್ತು. ಅವು ಯಾವುವೂ ಆ ಹುಡುಗಿಯ ಲೆಕ್ಕಕ್ಕೆ ಜಮೆಯಾಗಿರಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧವಿಲ್ಲವೆಂದು ನಾವೆಲ್ಲರೂ ಬಲ್ಲೆವು. ಕಾಗೆಯ ಸ್ಥಾನದಲ್ಲಿ ಸೊಸೆಯಿದ್ದಾಗ ಮಾತ್ರ ಗಾದೆ ಮರೆತುಹೋಗುತ್ತದೆ.

ಈ ಕಟ್ಟಳೆಯನ್ನು ಮಠದ ವಿಷಯಕ್ಕೆ ಅನ್ವಯಿಸದೆ ಬಿಟ್ಟರೆ ಪಕ್ಷಪಾತವಾದೀತು. ಗದ್ದುಗೆಯ ವಿಭೂತಿ ಹಚ್ಚಿಕೊಂಡ ಮೇಲೆ ಜ್ವರ ಬಿಟ್ಟಿತೆಂದು ಭಕ್ತರು ಹೇಳುತ್ತಾರೆ. ಅವರ ಶ್ರದ್ಧೆಗೆ ನಾವು ತಲೆಬಾಗುತ್ತೇವೆ. ಆದರೆ ಹರಕೆ ಕೈಗೂಡಿದವರು ಹಣ್ಣುಕಾಯಿಯೊಡನೆ ಬರುತ್ತಾರೆ, ಕೈಗೂಡದವರು ಬಂದು ಹೇಳುವುದಿಲ್ಲ. ಮಠದ ಜಗಲಿಯಲ್ಲಿ ಕುಳಿತು ಎಣಿಸಿದರೆ ಎಲ್ಲ ಹರಕೆಗಳೂ ಫಲಿಸಿದಂತೆಯೇ ಕಾಣುತ್ತದೆ. ಆದುದರಿಂದಲೇ ವಿಭೂತಿ ಕೊಟ್ಟ ಕೈಯಿಂದಲೇ ಆಸ್ಪತ್ರೆಯ ದಾರಿಯನ್ನೂ ತೋರಿಸುತ್ತೇವೆ.

ಎರಡನೆಯದು, ಮಾತನ್ನು ಬಿಟ್ಟು ಮಾತನಾಡಿದವನನ್ನು ಹಿಡಿಯುವುದು. ನೀರಿನ ಹಂಚಿಕೆಯ ಸಭೆಯಲ್ಲಿ ಒಬ್ಬ ಹುಡುಗ ನ್ಯಾಯವಾದ ಮಾತೊಂದನ್ನು ಹೇಳಿದರೆ, ಅದು ಸರಿಯೋ ತಪ್ಪೋ ಎಂಬ ವಿಚಾರ ಬರುವುದಕ್ಕೆ ಮೊದಲೇ 'ಇವನಪ್ಪ ಸೊಸೈಟಿಯ ಸಾಲ ತೀರಿಸಿಲ್ಲ' ಎಂಬ ಉತ್ತರ ಬರುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಮುರಿದುದು ಈ ಚಾಳಿಯನ್ನು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಇವರ ನುಡಿಯನ್ನು ನುಡಿಯ ಬಲದಿಂದಲೇ ತೂಗಿದ ಸಭೆ ಅದು. ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಎಲ್ಲರೂ ಕೇಳಿದ್ದೀರಿ. ಅಂದಿನ ಕಾಯಕಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಅಕ್ಕಿಯನ್ನು ಅವರು ಆಯ್ದು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಹೇಳಿದವರು ಪತ್ನಿ ಲಕ್ಕಮ್ಮನವರು. ಹೆಂಡತಿಯಾದವಳು ನನಗೆ ಬುದ್ಧಿ ಹೇಳುವುದೇ ಎಂದು ಮಾರಯ್ಯನವರು ಕೇಳಲಿಲ್ಲ. ಅಕ್ಕಿ ಹೆಚ್ಚಾಗಿತ್ತು, ಅಷ್ಟೇ ವಿಚಾರ.

ಈ ದೋಷಕ್ಕೆ ಮಗ್ಗುಲು ಇನ್ನೊಂದಿದೆ. ಹೇಳಿದವನು ಸಣ್ಣವನಾದುದರಿಂದ ಮಾತು ಸುಳ್ಳಾಗುವುದಿಲ್ಲವಾದರೆ, ದೊಡ್ಡವನಾದುದರಿಂದ ನಿಜವೂ ಆಗುವುದಿಲ್ಲ. 'ಸ್ವಾಮಿಗಳೇ ಹೇಳಿದ್ದಾರೆ' ಎಂದು ನಮ್ಮ ಹೆಸರನ್ನು ಎಲ್ಲೆಲ್ಲಿಯೋ ಎಳೆಯುವವರಿದ್ದಾರೆ. ಆಪ್ತವಾಕ್ಯವು ಪ್ರಮಾಣವೆಂದು ನೈಯಾಯಿಕರು ಒಪ್ಪುತ್ತಾರೆ, ನಿಜ. ಆದರೆ ಆಪ್ತನೆಂದರೆ ಯಾರು? ವಿಷಯವನ್ನು ತಾನು ಕಂಡು ಅರಿತು, ಕಂಡಂತೆಯೇ ಹೇಳುವ ಇಚ್ಛೆಯುಳ್ಳವನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನು ವಿವರಿಸಿದ್ದಾನೆ. ಕಬ್ಬಿನ ಗೊಣ್ಣೆಹುಳುವಿನ ವಿಷಯದಲ್ಲಿ ಅನುಭವಿಯಾದ ರೈತ ಆಪ್ತ; ಕಾವಿಯುಟ್ಟ ನಾವಲ್ಲ. ಇನ್ನು ಕೈಯಲ್ಲಿರುವ ಮೊಬೈಲಿಗೆ ಯಾರಿಂದಲೋ ಬಂದು, ಯಾರು ಬರೆದರೆಂದು ತಿಳಿಯದೆ ಮುಂದಕ್ಕೆ ಹೋಗುವ ಸಂದೇಶಕ್ಕೆ ಆಪ್ತನೇ ಇಲ್ಲ. ಅದನ್ನು ನೂರು ಜನ ಕಳುಹಿಸಿದರೆ ನೂರು ಸಾಕ್ಷಿಯಾಗುವುದಿಲ್ಲ. ಒಂದೇ ಮಾತು ನೂರು ಬಾರಿ ಕೇಳಿದಂತಾಗುತ್ತದೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಜನಿಸಿದ ಎ.ಎನ್. ಮೂರ್ತಿರಾಯರು 'ದೇವರು' ಎಂಬ ಗ್ರಂಥವನ್ನು ಬರೆದು, ಜನ ನಂಬುವಂಥ ದೇವರನ್ನು ತಾವು ಒಪ್ಪಲಾರದ ಕಾರಣಗಳನ್ನು ಸೌಮ್ಯವಾಗಿ ನಿರೂಪಿಸಿದರು. ಅವರು ತೀರಿಕೊಂಡುದು 2003ರಲ್ಲಿ, ನೂರಮೂರರ ಪಕ್ವವಯಸ್ಸಿನಲ್ಲಿ. "ನಂಬದವರಿಗೂ ಇಷ್ಟು ಆಯುಸ್ಸು ಕೊಟ್ಟನಲ್ಲ, ದೇವರಿದ್ದಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?" ಎಂದು ಭಕ್ತರೊಬ್ಬರು ನಮ್ಮ ಮುಂದೆ ಹೇಳಿದಾಗ ಕುಳಿತವರೆಲ್ಲ ತಲೆದೂಗಿದರು. ಕೇಳುವುದಕ್ಕೆ ನಮಗೂ ಹಿತವಾಗಿಯೇ ಇತ್ತು. ಹಿತವಾದ ವಾದವನ್ನೇ ಹೆಚ್ಚು ಎಚ್ಚರದಿಂದ ನೋಡಬೇಕು. ಆಯುಸ್ಸನ್ನು ಕೊಡುವವನು ದೇವರು ಎಂಬುದನ್ನು ಮೊದಲೇ ಒಪ್ಪಿಕೊಂಡಲ್ಲದೆ ಈ ಮಾತು ಒಂದು ಹೆಜ್ಜೆಯೂ ನಡೆಯದು. ಸಾಧಿಸಬೇಕಾದುದನ್ನೇ ಸಾಧನವಾಗಿ ಇಟ್ಟುಕೊಂಡ ಇದನ್ನು ಗೌತಮನು ಸಾಧ್ಯಸಮವೆಂದು ಕರೆಯುತ್ತಾನೆ. ಅದೂ ಅಲ್ಲದೆ ಅವರು ಅಲ್ಪಾಯುಷಿಗಳಾಗಿದ್ದರೆ ಇದೇ ಭಕ್ತರು 'ನಂಬದುದಕ್ಕೆ ಶಿಕ್ಷೆ' ಎನ್ನುತ್ತಿದ್ದರು. ಬದುಕಿದರೂ ಸತ್ತರೂ ಗೆಲ್ಲುವ ವಾದ ಏನನ್ನೂ ಸಾಧಿಸಿರುವುದಿಲ್ಲ. ಶಿವನಲ್ಲಿ ನಮಗಿರುವ ನಿಷ್ಠೆಗೆ ಇಷ್ಟಲಿಂಗಪೂಜೆಯ ಅನುಭವವಿದೆ, ಶರಣರ ಬಾಳಿದೆ. ಇಂಥ ಊರುಗೋಲು ಅದಕ್ಕೆ ಬೇಡ. ಮೂರ್ತಿರಾಯರ ಗ್ರಂಥವನ್ನು ಒಪ್ಪದವರೂ ಒಮ್ಮೆ ಓದಬೇಕು. ಎದುರಾಳಿಯ ಮಾತನ್ನು ತಿರುಚದೆ ಮಂಡಿಸಿ ಆ ಬಳಿಕ ಉತ್ತರ ಹೇಳುವ ಸಜ್ಜನಿಕೆಯನ್ನು ಅಲ್ಲಿ ಕಾಣಬಹುದು. ಪೂರ್ವಪಕ್ಷವೆಂದು ಹಿಂದಿನವರು ಹೇಳುತ್ತಿದ್ದುದು ಅದನ್ನೇ.

ಸಾಧಿಸುವ ಹೊಣೆ ಯಾರದೆಂಬ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪುಸುಲ್ತಾನನು ಮಡಿದನು. ಅವನನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರೆಂಬ ವಾದ 2022-23ರಲ್ಲಿ ನಮ್ಮ ಜಿಲ್ಲೆಯಲ್ಲಿ ಬಿರುಸಾಗಿ ಹಬ್ಬಿತು. 2023ರ ಮಾರ್ಚಿಯಲ್ಲಿ ಪ್ರಧಾನಮಂತ್ರಿಗಳು ಮಂಡ್ಯಕ್ಕೆ ಬಂದ ಸಂದರ್ಭದಲ್ಲಿ ಆ ಹೆಸರುಗಳ ಸ್ವಾಗತ ಕಮಾನು ಎದ್ದು, ವಿವಾದವಾಗಿ, ಹೆಸರು ಬದಲಾಯಿತು. ಚಲನಚಿತ್ರವನ್ನು ತೆಗೆಯುವ ಘೋಷಣೆಯೂ ಆಯಿತು. ಆಧಾರವೇನೆಂದು ಕೇಳಿದವರಿಗೆ ಊರೂರಲ್ಲಿ ಸಿಕ್ಕುತ್ತಿದ್ದ ಉತ್ತರ, 'ಅವರು ಇರಲಿಲ್ಲವೆಂದು ನೀವು ಸಾಧಿಸಿ ತೋರಿಸಿ' ಎಂಬುದು. ಆಕಾಶದ ತಾವರೆಗೆ ಪರಿಮಳವಿದೆ, ತಾವರೆಯಾದುದರಿಂದ, ಕೆರೆಯ ತಾವರೆಯಂತೆ ಎಂಬುದು ಪಾಠಶಾಲೆಯ ಹಳೆಯ ಉದಾಹರಣೆ. ಪರಿಮಳದ ವಿಚಾರಕ್ಕೆ ಮೊದಲು ತಾವರೆಯನ್ನು ತೋರಿಸಬೇಕಾದವನು ವಾದಿ. ಆಶ್ರಯವೇ ಸಿದ್ಧವಾಗದಲ್ಲಿ ಹೇತು ನಿಲ್ಲುವುದಕ್ಕೆ ನೆಲವಿಲ್ಲ.

ಆಗ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಹಾಸಂಸ್ಥಾನದ ಶ್ರೀ ನಿರ್ಮಲಾನಂದನಾಥ ಸ್ವಾಮೀಜಿಯವರು, ಇತಿಹಾಸದ ಖಚಿತವಾದ ಆಧಾರಗಳಿಲ್ಲದೆ ಈ ವಿಷಯವನ್ನು ಮುಂದುವರಿಸಬಾರದೆಂದು ತಿಳಿಸಿದರು. ಚಿತ್ರದ ಯೋಜನೆಯನ್ನು ಕೈಬಿಡಲಾಯಿತು. ಆ ವಾದವು ಅವರ ಸಮುದಾಯಕ್ಕೆ ವೀರರನ್ನು ಒದಗಿಸುವಂತಿತ್ತು ಎಂಬುದನ್ನು ನೆನೆದರೆ ಆ ನುಡಿಯ ಬೆಲೆ ತಿಳಿಯುತ್ತದೆ. ಪರರ ಹೇತ್ವಾಭಾಸವನ್ನು ಹಿಡಿಯುವುದರಲ್ಲಿ ನಾವೆಲ್ಲರೂ ಪಂಡಿತರೇ. ನಮ್ಮವರಿಗೆ ಹೆಮ್ಮೆ ತರುವ ಮಾತನ್ನು ನಾವೇ ಒರೆಗೆ ಹಚ್ಚುವುದು ಬೇರೆ. ಇದೇ ಒರೆಗಲ್ಲನ್ನು ಎದುರು ಪಕ್ಷಕ್ಕೂ ಹಿಡಿಯಬೇಕು. ಕನ್ನಂಬಾಡಿಯಲ್ಲಿ ಟಿಪ್ಪುವಿನ ಪಾರಸಿ ಶಾಸನವೊಂದಿದೆ. ಅದನ್ನು ಮುಂದಿಟ್ಟುಕೊಂಡು ಕಟ್ಟೆಯನ್ನು ಕಟ್ಟಿಸಿದವನು ಟಿಪ್ಪುವೇ ಎನ್ನುವವರಿದ್ದಾರೆ. ಕಾವೇರಿಗೆ ಅಡ್ಡಲಾಗಿ ಕಟ್ಟೆಯೊಂದನ್ನು ಕಟ್ಟಿಸುವ ಸಂಕಲ್ಪ ಅವನಿಗಿತ್ತೆಂಬುದನ್ನು ಶಾಸನ ಹೇಳುತ್ತದೆ. ಅದಕ್ಕಿಂತ ಹೆಚ್ಚನ್ನು ಸಾಧಿಸುವುದಿಲ್ಲ. ನಾವು ಇಂದು ಕಾಣುವ ಕಟ್ಟೆಯ ಕೆಲಸ ಆರಂಭವಾದುದು 1911ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ. ಹಾಗೆಂದು, ಟಿಪ್ಪುವಿನದೆಂಬ ಕಾರಣಕ್ಕೇ ಆ ಶಾಸನವನ್ನು ಇಲ್ಲವೆನ್ನುವುದೂ ಅಷ್ಟೇ ಅನ್ಯಾಯ.

ಹಾಗಾದರೆ 'ಸಾಧಿಸಿ ತೋರಿಸಿ' ಎಂದು ಕೇಳುವ ಹಕ್ಕು ಯಾವಾಗಲೂ ಕೇಳುವವನಿಗೇ ಸೇರಿದ್ದೇ? ಇಲ್ಲಿ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟವನ್ನು ನೋಡಬೇಕು. ಶಿವರಾತ್ರಿಯ ಹೊತ್ತಿನ ದನಗಳ ಜಾತ್ರೆಯಿಂದ ಆ ಬೆಟ್ಟ ನಮ್ಮ ಭಕ್ತರಿಗೆಲ್ಲ ಪರಿಚಿತ. ಅದರ ಸುತ್ತ ಕಲ್ಲುಗಣಿಗಾರಿಕೆ ಬೆಳೆಯಿತು. 2018ರ ಸೆಪ್ಟೆಂಬರಿನಲ್ಲಿ ಕನ್ನಂಬಾಡಿಯ ಸುತ್ತಮುತ್ತ ಭಾರಿ ಸದ್ದು ಕೇಳಿಬಂದು, ಗಣಿಯ ಸಿಡಿತದಿಂದ ಕಟ್ಟೆಗೆ ಅಪಾಯವುಂಟೇ ಎಂಬ ಚರ್ಚೆ ಎದ್ದಿತು. ಒಂದು ಕಡೆಯವರ ವಾದ: 'ಇಷ್ಟು ವರ್ಷದಿಂದ ಮದ್ದು ಸಿಡಿಸುತ್ತಿದ್ದೇವೆ, ಕಟ್ಟೆಗೆ ಏನೂ ಆಗಿಲ್ಲ, ಆದುದರಿಂದ ಮುಂದೆಯೂ ಆಗುವುದಿಲ್ಲ.' ಮತ್ತೊಂದು ಕಡೆಯವರದು: 'ಸದ್ದಾದುದು ನಿಜ, ಆದುದರಿಂದ ಕಟ್ಟೆ ಒಡೆಯುವುದು ನಿಜ.' ಎರಡೂ ಸವ್ಯಭಿಚಾರವೇ. ಕಲ್ಲು ಸುರ್ಕಿಗಾರೆಗಳ ಆ ಗೋಡೆಯೊಳಗೆ ಕಂಪನ ಏನು ಮಾಡುತ್ತದೆಂಬುದನ್ನು ಅಳೆದು ನೋಡಿದವರು ಹೇಳಬೇಕೇ ಹೊರತು ಜಗಲಿಯಲ್ಲಿ ತೀರ್ಮಾನಿಸಲಾಗದು.

ಅಳೆಯುವ ತನಕ ಏನು ಮಾಡಬೇಕು? ಕಲ್ಲು ಒಡೆಯುವವರ ಮನೆಯಲ್ಲಿಯೂ ಒಲೆ ಉರಿಯಬೇಕು. ಅವರ ಕೂಲಿಯ ಮಾತನ್ನು ಹಗುರವಾಗಿ ಕಾಣಬಾರದು. ಆದರೂ ತಪ್ಪಿದಾಗ ಆಗುವ ಹಾನಿಯನ್ನು ತೂಗಿ ನೋಡಿದರೆ ಹೊಣೆ ಯಾರದೆಂಬುದು ತಿಳಿಯುತ್ತದೆ. ಹಳೆಯ ಕಾಲದ ವೀರರ ವಿಷಯದಲ್ಲಿ, ಇದ್ದರೆಂದು ಹೇಳುವವನು ಸಾಧಿಸಬೇಕು. ಕೆಳಗೆ ಲಕ್ಷಾಂತರ ಜೀವಗಳನ್ನೂ ಅಚ್ಚುಕಟ್ಟನ್ನೂ ಇಟ್ಟುಕೊಂಡ ಕಟ್ಟೆಯ ವಿಷಯದಲ್ಲಿ, ಅಪಾಯವಿಲ್ಲವೆಂದು ಹೇಳುವವನು ಸಾಧಿಸಬೇಕು. 2024ರ ಜನವರಿಯಲ್ಲಿ ಉಚ್ಚ ನ್ಯಾಯಾಲಯವು, ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕಟ್ಟೆಯಿಂದ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು ಆಜ್ಞಾಪಿಸಿದುದರ ಹಿಂದಿನ ನ್ಯಾಯವೂ ಇದೇ ಎಂದು ನಾವು ತಿಳಿಯುತ್ತೇವೆ. ತಿಳಿಯದಿರುವುದು ಎರಡೂ ಕಡೆ ಒಂದೇ. ತಪ್ಪಿನ ಬೆಲೆ ತೆರುವವರು ಬೇರೆ ಬೇರೆ. ತರ್ಕದ ಪುಸ್ತಕದಲ್ಲಿ ಇಷ್ಟು ಸಿಕ್ಕುವುದಿಲ್ಲ, ಅದಕ್ಕೆ ಧರ್ಮಬುದ್ಧಿಯೂ ಬೇಕು.

ಛಲದ ವಿಷಯವನ್ನು ಬೇಗ ಮುಗಿಸಬಹುದು. 'ನವಕಂಬಳ' ಹೊದ್ದಿದ್ದಾನೆ ಎಂದು ಹೊಸ ಕಂಬಳಿಯ ಬಗ್ಗೆ ಹೇಳಿದವನಿಗೆ, ಒಂಬತ್ತು ಎಲ್ಲಿವೆ, ಒಂದೇ ಇದೆಯಲ್ಲ ಎಂದು ಉತ್ತರ ಕೊಡುವುದು ಛಲ. ಸಭೆಯಲ್ಲಿ ನಗೆ ಹುಟ್ಟುತ್ತದೆ, ವಿಚಾರ ಸಾಯುತ್ತದೆ. ಚುನಾವಣೆಯ ಕಾಲದಲ್ಲಿ ಇದಕ್ಕೆ ಉದಾಹರಣೆಗಳನ್ನು ನಾವು ಕೊಡಬೇಕಾಗಿಲ್ಲ.

ಬೆಂಕಿ ಹೊಗೆಗಳ ಪಾಠದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮ ಜಿಲ್ಲೆಗೆ ಅದು ಎಲ್ಲಕ್ಕಿಂತ ಹತ್ತಿರದ್ದು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ. ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಬರುವುದು ಸೌದೆ ಹಸಿಯಾಗಿದ್ದಾಗ. ಆ ಹಸಿ ಸೌದೆಗೆ ಉಪಾಧಿಯೆಂದು ಹೆಸರು. ಉಪಾಧಿಯನ್ನು ಕಾಣದವನು ಹೊಗೆಯ ದೋಷವನ್ನು ಬೆಂಕಿಗೆ ಹೊರಿಸುತ್ತಾನೆ.

'ಹೆಣ್ಣು ಹುಟ್ಟಿದರೆ ಹೊರೆ' ಎಂಬ ಮಾತು ಈ ಜಾತಿಯದು. 2023ರ ಕೊನೆಯಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಜಾಗ ಅದು. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲಿಯೇ ಹೆಣ್ಣುಭ್ರೂಣ ಹತ್ಯೆಯ ಪ್ರಕರಣ ಪತ್ತೆಯಾಯಿತು. ಅಲ್ಲಿಗೆ ಹೋದವರು ಕ್ರೂರಿಗಳೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅವರಲ್ಲಿ ಹಲವರು ಲೆಕ್ಕ ಹಾಕಿದವರು: ಹೆಣ್ಣಾದರೆ ಮದುವೆಗೆ ಚಿನ್ನ, ಛತ್ರ, ಅಳಿಯನಿಗೆ ಕಾರು, ಅದಕ್ಕೆ ಎರಡು ಎಕರೆ ಮಾರಬೇಕು, ಆದುದರಿಂದ ಹೆಣ್ಣು ಬೇಡ. ಕೂಡಿ ಕಳೆದುದರಲ್ಲಿ ತಪ್ಪಿಲ್ಲ. ತಪ್ಪಿರುವುದು 'ಆದುದರಿಂದ' ಎಂಬಲ್ಲಿ. ಜಮೀನು ಮಾರಿಸುವುದು ಹೆಣ್ಣುತನವಲ್ಲ, ವರದಕ್ಷಿಣೆ. ಅದು ಹಸಿ ಸೌದೆ. ಒಲೆಯಲ್ಲಿ ಹೊಗೆಯಾಯಿತೆಂದು ಸೌದೆಯನ್ನು ಬಿಟ್ಟು ಬೆಂಕಿಯನ್ನೇ ನಂದಿಸಿದ ಮನೆಯಲ್ಲಿ ಅಡುಗೆ ಹೇಗಾದೀತು?

ಇಂಥ ಲೆಕ್ಕ ಹೇಳುವ ತಂದೆಯನ್ನು ನಾವು ಕೇಳುವುದು ಒಂದೇ: ಹಿರಿಯ ಮಗನ ಮದುವೆಯಲ್ಲಿ ಬೀಗರಿಂದ ಎಷ್ಟು ಬಂತು? "ಅವರಾಗಿಯೇ ಕೊಟ್ಟರು, ಬುದ್ಧಿ, ನಾವು ಕೇಳಲಿಲ್ಲ" ಎನ್ನುತ್ತಾರೆ. ಕೊಡುವಾಗ ಹೊರೆ, ತೆಗೆದುಕೊಳ್ಳುವಾಗ ಸಂತೋಷದ ಉಡುಗೊರೆ! ಒಂದೇ ವಸ್ತುವಿಗೆ ಬಾಗಿಲಿನ ಒಳಗೊಂದು ಹೊರಗೊಂದು ಹೆಸರಿದ್ದಾಗ, ಹೇತು ಕೆಟ್ಟಿದೆಯೆಂದು ತಿಳಿಯುವುದಕ್ಕೆ ನ್ಯಾಯಸೂತ್ರವನ್ನು ಓದಬೇಕಾಗಿಲ್ಲ. ನಮ್ಮ ಮಠದ ಭಕ್ತರಾದ ಒಂದೆರಡು ಮನೆಗಳವರು ಈ ಪ್ರಶ್ನೆಯ ಬಳಿಕ ಕಿರಿಯ ಮಗನ ಮದುವೆಯನ್ನು ಒಂದು ಕಾಸೂ ಮುಟ್ಟದೆ ನಡೆಸಿದರು. ಒಂದೆರಡು ಮನೆ ಮಾತ್ರ, ಹೆಚ್ಚು ಹೇಳಿಕೊಳ್ಳುವಂತಿಲ್ಲ.

2023ರ ಫೆಬ್ರವರಿಯಲ್ಲಿ, ಹೆಣ್ಣು ಸಿಗದೆ ವಯಸ್ಸು ಮೀರುತ್ತಿದ್ದ ನಮ್ಮ ಜಿಲ್ಲೆಯ ರೈತಯುವಕರು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆಯ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಮಾದಪ್ಪನ ಮುಂದೆ ಅವರಿಟ್ಟ ಬೇಡಿಕೆ ನಗೆಗೆ ವಸ್ತುವಾಗಬಾರದಿತ್ತು, ಆಯಿತು. 'ಈಗಿನ ಹೆಣ್ಣುಮಕ್ಕಳಿಗೆ ರೈತ ಬೇಡ' ಎಂಬುದು ಅವರ ಅಳಲು. ಅದರಲ್ಲಿ ಸತ್ಯದ ಅಂಶವಿದೆ: ಬೇಸಾಯದ ಆದಾಯ ಕುಗ್ಗಿದೆ, ಓದಿದ ಹುಡುಗಿಯರಿಗೆ ಬೆಂಗಳೂರು ಮೈಸೂರುಗಳ ದಾರಿ ತೆರೆದಿದೆ. ಅನೇಕ ಕಾರಣಗಳಿರುವ ಕಾರ್ಯಕ್ಕೆ ಒಂದೇ ಕಾರಣ ಹೇಳಿದರೆ ನಾವೂ ಕಾಲ್ಗುಣದವರ ಸಾಲಿಗೇ ಸೇರುತ್ತೇವೆ. ಆದರೆ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನನ್ನು ಈ ದೇಶ ಮಾಡಬೇಕಾಗಿ ಬಂದುದು 1994ರಲ್ಲಿ. ಬೆಟ್ಟ ಹತ್ತಿದ ಆ ಯುವಕರಿಗೆ ಈಡಾಗಬಹುದಾಗಿದ್ದ ಹೆಣ್ಣುಮಕ್ಕಳು ಹುಟ್ಟಬೇಕಾಗಿದ್ದುದು ಆ ವರ್ಷಗಳ ಆಸುಪಾಸಿನಲ್ಲಿಯೇ.